ಹದಿನೈದು ಅಡಿ ಟೇಪು

ಬೇತಿಯಾ ಫ್ಲೆಟ್‌ಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಗ್ಲಾಸ್ಗೋದ ಟೆಲಿವಿಷನ್ ಕಂಪನಿಯೊಂದರಲ್ಲಿ ಅವಳು ಟೇಪುಗಳ ಉಗ್ರಾಣ ನೋಡಿಕೊಳ್ಳುತ್ತಿದ್ದಳು. ಯಾವ ಟೇಪಿನಲ್ಲಿ ಏನಿದೆ, ಯಾವುದನ್ನು ಅಳಿಸಬಹುದು, ಯಾವುದನ್ನು ಮುಟ್ಟಬಾರದು ಎಂಬುದೆಲ್ಲ ಅವಳ ಕೈಯಲ್ಲಿ. ಟೇಪು ಕೇಳಲು ಬಂದ ನಿರ್ದೇಶಕರು ಬಾಗಿಲು ತಟ್ಟಿ ಹೊರಗೇ ನಿಲ್ಲುತ್ತಿದ್ದರು. ಒಮ್ಮೆ ಯಾರೋ ಪುಣ್ಯಾತ್ಮ ಚಹಾದ ಲೋಟವನ್ನು ಟೇಪಿನ ಡಬ್ಬಿಯ ಮೇಲಿಟ್ಟಿದ್ದಕ್ಕೆ ಲೋಟವನ್ನೂ ಅವನನ್ನೂ ಒಟ್ಟಿಗೇ ಹೊರಗಟ್ಟಿದ್ದಳು. ಅಂಥವಳು 1966ರ ನವೆಂಬರ್ ತಿಂಗಳಲ್ಲಿ ನಗುನಗುತ್ತಾ ಓಡಾಡಿದ್ದನ್ನು ಕಂಪನಿಯವರೆಲ್ಲ ನೋಡಿದ್ದಾರೆ.

ಆ ವರ್ಷ ಕಂಪನಿಗೆ ಶುಕ್ರದೆಸೆ. ಹಾಗ್ಮನೇ, ಅಂದರೆ ವರ್ಷದ ಕೊನೆಯ ರಾತ್ರಿಯ ಕಾರ್ಯಕ್ರಮವನ್ನು ಲಂಡನ್ನಿನವರು ಮೊದಲ ಸಲ ಇವರಿಗೆ ವಹಿಸಿದ್ದರು. ಇಡೀ ದೇಶ ನೋಡುವ ಕಾರ್ಯಕ್ರಮ. ಅದನ್ನು ಯಾರಾದರೂ ನಿಜವಾಗಿ ಆ ರಾತ್ರಿ ಮಾಡುತ್ತಾರೆಯೇ? ಆ ರಾತ್ರಿ ಸ್ಕಾಟ್ಲೆಂಡಿನಲ್ಲಿ ನೆಟ್ಟಗೆ ನಿಲ್ಲುವ ವಾದ್ಯಗಾರ ಒಬ್ಬನೂ ಸಿಗುವುದಿಲ್ಲ. ಹಾಗಾಗಿ ನವೆಂಬರ್ ಇಪ್ಪತ್ತೆರಡರ ಮಂಗಳವಾರ, ಬೆಳಗಿನ ಹನ್ನೊಂದು ಗಂಟೆಗೆ, ಇನ್ನೂರು ಜನರನ್ನು ಸ್ಟುಡಿಯೋದಲ್ಲಿ ಕೂರಿಸಿ, ತಲೆಗೆ ಕಾಗದದ ಟೋಪಿ ತೊಡಿಸಿ, ವಿಸ್ಕಿ ಲೋಟಗಳಲ್ಲಿ ತಣ್ಣನೆಯ ಚಹಾ ಸುರಿದುಕೊಟ್ಟು, ಗೋಡೆಯ ಗಡಿಯಾರದ ಮುಳ್ಳನ್ನು ಹನ್ನೆರಡಕ್ಕೆ ಐದು ನಿಮಿಷ ಇದೆ ಎನ್ನುವಂತೆ ತಿರುಗಿಸಿ, "ಈಗ ಮಧ್ಯರಾತ್ರಿ, ಎಲ್ಲರೂ ಖುಷಿಯಾಗಿರಿ" ಎಂದು ಅಪ್ಪಣೆ ಕೊಡಿಸಿದರು. ಜನ ಖುಷಿಯಾಗಿಯೇ ಇದ್ದರು. ನಮ್ಮ ಜನಕ್ಕೆ ಪುಕ್ಕಟೆ ಚಹಾ ಸಾಕು.

ಕಾರ್ಯಕ್ರಮದ ನಡುವೆ ನಿರೂಪಕ ಆರ್ಚಿ ಡ್ರೆನ್ನನ್ ಜನ ಬರೆದು ಕಳಿಸಿದ ಕಾಗದಗಳನ್ನು ಓದಿ, ಹೆಸರು ಹಿಡಿದು ಶುಭಾಶಯ ಹೇಳುವುದು ವಾಡಿಕೆ. ಚೀಲಗಟ್ಟಲೆ ಬಂದ ಕಾಗದಗಳಲ್ಲಿ ಒಂದು ಲಕೋಟೆಯ ಮೇಲಿನ ಅಕ್ಷರ ನೋಡಿ ಬೇತಿಯಾ ಬಿದ್ದು ಬಿದ್ದು ನಕ್ಕಿದ್ದಳು. ಅದು ಅವಳ ತಮ್ಮ ವಿಲಿಯಂನ ಕೋಳಿಕಾಲಿನ ಅಕ್ಷರ. ಅವನು ಹಿಂದಿನ ವಾರ ಫೋನು ಮಾಡಿ ಹೇಳಿಯೂ ಇದ್ದ.

"ಅಕ್ಕಾ, ನಮ್ಮ ದೋಣಿಯವರದ್ದೊಂದು ಕಾಗದ ಬರುತ್ತೆ. ನೀನು ಒಡೀಬೇಡ. ಆ ಡ್ರೆನ್ನನ್ ಕೈಗೆ ಹಾಗೇ ಕೊಡು, ಟಿವಿಲೇ ಕೇಳು."

"ಒಡೆದ್ರೆ ಏನೋ ಮಾಡ್ತೀಯ?"

"ಊರಿಗೆ ಬಾ, ಮೀನಿನ ಬುಟ್ಟಿಲಿ ಕೂರಿಸಿ ಸಮುದ್ರಕ್ಕೆ ಬಿಡ್ತೀನಿ."

ಅವಳು ಒಡೆಯಲಿಲ್ಲ. ಲಕೋಟೆಯನ್ನು ಕಟ್ಟಿನ ಮೇಲೆಯೇ ಇಟ್ಟಳು. ಮಂಗಳವಾರ ಕ್ಯಾಮೆರಾದ ಹಿಂದೆ ನಿಂತು ಕೇಳಿದಳು.

"ಇನ್ನು ಸ್ಕಾರ್‌ಹೇವನ್ನಿನ 'ಜೀನಿ ಫ್ಲೆಟ್' ದೋಣಿಯ ಆರು ಮಂದಿಗೆ! ಕಡಲ ಮೇಲೆ ಬೇಡ, ಒಲೆಯ ಮುಂದೆ ಕೂತು ನೋಡ್ತಾ ಇರಿ ಅಣ್ಣಂದಿರಾ, ಹೊಸ ವರ್ಷದ ಶುಭಾಶಯ! ಕಾರ್ಕಿಗೆ, ಬಂಗ್‌ಗೆ, ಸ್ನೀಕಿಗೆ, ಪೊಕ್‌ಗೆ, ಡೋಸಿಗೆ..." ಎಂದು ಡ್ರೆನ್ನನ್ ರಾಗವಾಗಿ ಓದಿದ. ಡೋಸಿ ಎಂದಾಗ ಬೇತಿಯಾ ಕೇಕೆ ಹಾಕಿದಳು. ಡೋಸಿ ಎಂದರೆ ಅವಳ ತಮ್ಮನೇ. ಆರನೆಯ ಹೆಸರಿಗೆ ಇಡೀ ಸಭೆ ಹೋ ಎಂದು ನಕ್ಕಿತು, ಅಕಾರ್ಡಿಯನ್‌ನವರು ಶುರುಮಾಡಿಬಿಟ್ಟರು.

ಬೇತಿಯಾಳ ಊರು ಸ್ಕಾರ್‌ಹೇವನ್ ಮೀನುಗಾರರ ಹಳ್ಳಿ, ಅಲ್ಲಿ ಮುಕ್ಕಾಲು ಪಾಲು ಜನ ಫ್ಲೆಟ್ ಮನೆತನದವರೇ. ಮಕ್ಕಳಿಗೆ ಇಡುವ ಹೆಸರುಗಳೂ ನಾಲ್ಕೋ ಐದೋ, ಅವನ್ನೇ ಅಜ್ಜನಿಂದ ಮೊಮ್ಮಗನಿಗೆ ದಾಟಿಸುತ್ತಾ ಬಂದಿದ್ದಾರೆ. ಬೀದಿಯಲ್ಲಿ ನಿಂತು ವಿಲಿಯಂ ಫ್ಲೆಟ್ ಎಂದು ಕೂಗಿದರೆ ಹದಿನೆಂಟು ಮಂದಿ ತಿರುಗಿ ನೋಡುತ್ತಾರೆ. ಅದಕ್ಕೇ ಪ್ರತಿಯೊಬ್ಬನಿಗೂ ಒಂದು ಅಡ್ಡಹೆಸರು. ಅದು ತಮಾಷೆಯ ಹೆಸರಲ್ಲ. ಅಂಚೆಯವನು, ಅಂಗಡಿಯವನು, ಶಾಲೆಯ ಮೇಷ್ಟ್ರು ಎಲ್ಲರೂ ಬರೆದುಕೊಳ್ಳುವುದು ಅದನ್ನೇ. ಹೊರಗಿನಿಂದ ಬಂದವನಿಗೆ ಅದನ್ನು ಸುಮ್ಮನೆ ಕೊಡುವುದಿಲ್ಲ. ವರ್ಷಗಟ್ಟಲೆ ಜೊತೆಯಲ್ಲಿ ಬಲೆ ಎಳೆದ ಮೇಲೆ, ಒಂದು ದಿನ ದೋಣಿಯವರಿಗೆ ಮನಸ್ಸು ಬಂದರೆ ಕೊಟ್ಟಾರು.

ಡಿಸೆಂಬರ್ ಒಂಬತ್ತರ ಶುಕ್ರವಾರ 'ಜೀನಿ ಫ್ಲೆಟ್' ಮುಳುಗಿತು. ಆರು ಮಂದಿಯಲ್ಲಿ ಒಬ್ಬನ ಹೆಣವೂ ಸಿಗಲಿಲ್ಲ. ಬೇತಿಯಾ ಊರಿಗೆ ಹೋಗಿ ಪ್ರಾರ್ಥನೆಯಲ್ಲಿ ನಿಂತು, ಮೂರು ದಿನ ಅಮ್ಮನ ಜೊತೆಗಿದ್ದು ಹಿಂದಿರುಗಿದಳು. ಅಮ್ಮ ಅಳಲಿಲ್ಲ, ಮಾತಾಡಲಿಲ್ಲ, ಬರೀ ಒಲೆ ಒರೆಸಿದಳು. ಟೆಲಿವಿಷನ್ ಎಂದರೆ ಸೈತಾನನ ಪೆಟ್ಟಿಗೆ ಎನ್ನುವ ಕಟ್ಟುನಿಟ್ಟಿನ ಕ್ರೈಸ್ತ ಸಭೆಗೆ ಸೇರಿದವಳು ಅವಳು. ಮಗಳು ಆ ಪೆಟ್ಟಿಗೆಯಲ್ಲೇ ಅನ್ನ ಹುಟ್ಟಿಸಿಕೊಂಡಿದ್ದಾಳೆ ಎಂಬ ಮಾತನ್ನು ಒಂಬತ್ತು ವರ್ಷದಿಂದ ಆ ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಕಾಗದದ ವಿಷಯ ಅಮ್ಮನಿಗೆ ಎಲ್ಲಿಂದ ಗೊತ್ತಿರಬೇಕು ಎಂದುಕೊಂಡಳು ಬೇತಿಯಾ. ಕೇಳಲು ಬಾಯಿಯೂ ಬರಲಿಲ್ಲ.

ಗ್ಲಾಸ್ಗೋಗೆ ಬಂದವಳಿಗೆ ನಿದ್ದೆಯಲ್ಲೂ ಎಚ್ಚರದಲ್ಲೂ ಒಂದೇ ಚಿಂತೆ. ಆ ಟೇಪು ಅವಳದೇ ಉಗ್ರಾಣದ ಮೂರನೆಯ ಅಟ್ಟದಲ್ಲಿ ಕೂತಿದೆ. ಹದಿನೈದು ದಿನ ಕಳೆದರೆ ಆ ಡ್ರೆನ್ನನ್ ಹಲ್ಲು ಕಿರಿಯುತ್ತಾ, ಸಮುದ್ರದ ತಳದಲ್ಲಿರುವ ಆರು ಮಂದಿಗೆ ಒಲೆಯ ಮುಂದೆ ಕೂತಿರಿ ಎಂದು ಹೇಳುತ್ತಾನೆ, ಊರಿಗೆ ಊರೇ ಕೇಳುತ್ತದೆ. ನೆನೆದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಕಾರ್ಯಕ್ರಮಗಳ ಮುಖ್ಯಸ್ಥ ಗಿಲ್‌ಕ್ರಿಸ್ಟ್‌ನ ಕೋಣೆಗೆ ನುಗ್ಗಿದಳು.

"ಸರ್, ಆ ಹನ್ನೆರಡು ಸೆಕೆಂಡು ತೆಗೀಬೇಕು."

ಗಿಲ್‌ಕ್ರಿಸ್ಟ್ ಒಳ್ಳೆಯ ಮಾತಿನ ಮನುಷ್ಯ. ಎದ್ದು ನಿಂತು ಕುರ್ಚಿ ತೋರಿಸಿದ. "ಕೂತ್ಕೊಳ್ಳಿ ಮಿಸ್ ಫ್ಲೆಟ್. ನಿಮ್ಮ ದುಃಖ ನನಗೆ ಅರ್ಥ ಆಗುತ್ತೆ."

"ದುಃಖ ಅರ್ಥ ಆಗೋದು ಬೇಡ ಸರ್, ಕತ್ತರಿಸೋಕೆ ಒಂದು ಸಹಿ ಹಾಕಿ."

ಆಗಿನ ಟೇಪು ಎರಡು ಅಂಗುಲ ಅಗಲದ್ದು. ಒಮ್ಮೆ ಬ್ಲೇಡು ಮುಟ್ಟಿಸಿದರೆ ಆ ಸುರುಳಿಯನ್ನು ಮತ್ತೆ ಅಳಿಸಿ ಬಳಸುವಂತಿಲ್ಲ. ಆದ್ದರಿಂದ ಪ್ರತಿ ಕತ್ತರಿಗೂ ಮುಖ್ಯಸ್ಥನ ಸಹಿ ಬೇಕು. ಗಿಲ್‌ಕ್ರಿಸ್ಟ್ ಪೆನ್ನು ಮುಟ್ಟಲಿಲ್ಲ.

"ಲಂಡನ್ನಿನವರು ನೋಡಿ ಒಪ್ಪಿಬಿಟ್ಟಿದ್ದಾರೆ. ಒಂದು ಸೆಕೆಂಡು ಹೆಚ್ಚುಕಡಿಮೆ ಆದ್ರೂ ಹನ್ನೆರಡರ ಗಂಟೆ ತಪ್ಪಿಹೋಗುತ್ತೆ. ಅಲ್ಲದೆ..." ಎಂದು ಸ್ವಲ್ಪ ತಡೆದು, "ತಪ್ಪು ತಿಳೀಬೇಡಿ. ಜನಕ್ಕೆ ಇದು ನಾಟುತ್ತೆ. ಮುಳುಗಿದ ದೋಣಿಗೆ ಕೊನೇ ಶುಭಾಶಯ. ಮರುದಿನ ಎಲ್ಲ ಪತ್ರಿಕೆಯಲ್ಲೂ ಬರುತ್ತೆ. ಒಂದು ರೀತಿ ಶ್ರದ್ಧಾಂಜಲಿಯೇ ಅಲ್ವಾ?" ಎಂದ.

"ಶ್ರದ್ಧಾಂಜಲಿನಾ? ಕಾಗದದ ಟೋಪಿ ಹಾಕ್ಕೊಂಡಾ?"

"ಮಿಸ್ ಫ್ಲೆಟ್—"

"ನಿಮ್ಮ ತಮ್ಮನ್ನ ಮುಳುಗಿಸಿ ಪತ್ರಿಕೇಲಿ ಹಾಕಿಸಿಕೊಳ್ಳಿ ಸರ್, ನನ್ನ ತಮ್ಮನ್ನ ಬಿಟ್ಬಿಡಿ!"

ಬಾಗಿಲನ್ನು ಅವಳು ಹೊಡೆದ ಹೊಡೆತಕ್ಕೆ ಹೊರಗೆ ಟೈಪು ಮಾಡುತ್ತಿದ್ದ ಹುಡುಗಿಯರ ಕೈ ನಿಂತುಹೋಯಿತು. ಗಿಲ್‌ಕ್ರಿಸ್ಟ್‌ನಂಥವರ ಮೇಲೆ ನನಗೂ ಏನೂ ಪ್ರೀತಿ ಉಕ್ಕುವುದಿಲ್ಲ. ಸತ್ತವರಲ್ಲೂ ಸುದ್ದಿ ಹಿಂಡುವ ಜಾತಿ ಅದು. ಬೇತಿಯಾಳ ಕೋಪದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ, ಅದೇ ಕಷ್ಟವಾಯಿತು. ಅಷ್ಟು ನ್ಯಾಯವಾದ ಕೋಪ ಬಂದಾಗ ಮನುಷ್ಯ ಯಾರನ್ನೂ ಏನನ್ನೂ ಕೇಳುವ ಗೋಜಿಗೆ ಹೋಗುವುದಿಲ್ಲ.

ಮರುದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವಳು ಟೇಪು ಎತ್ತಿಕೊಂಡು ಯಂತ್ರದ ಕೋಣೆಗೆ ಬಂದಳು. ಅಲ್ಲಿ ರ‍್ಯಾಬ್ ಟೆನಂಟ್ ಒಬ್ಬನೇ ಮಾಂಸದ ಕಡುಬು ತಿನ್ನುತ್ತಾ ಕೂತಿದ್ದ. ಆ ಕಂಪನಿಯಲ್ಲಿ ಟೇಪು ಕತ್ತರಿಸುವ ಕೈ ಎಂದರೆ ಅವನದೇ.

"ಸಹಿ ಎಲ್ಲಿ?" ಎಂದ.

"ಇಲ್ಲ."

"ಹಾಗಾದ್ರೆ ಬಾಗಿಲು ಹಾಕು ಮಾರಾಯ್ತಿ. ಇಬ್ರ ಕೆಲಸಾನೂ ಹೋಗುತ್ತೆ."

"ನನ್ನ ಹೆಸರು ಹೇಳು. ನೀನು ನನ್ನ ಮಾತಿಗೆ ಕತ್ತರಿಸಿದೆ ಅನ್ನು."

ರ‍್ಯಾಬ್ ಕೈ ತೊಳೆದುಕೊಂಡ. ಟೇಪನ್ನು ಯಂತ್ರಕ್ಕೆ ಏರಿಸಿ ಆ ಜಾಗ ಹುಡುಕಿದ. ಡ್ರೆನ್ನನ್‌ನ ಧ್ವನಿ ಕೋಣೆಯನ್ನು ತುಂಬಿತು. ಒಲೆಯ ಮುಂದೆ ಕೂತು ನೋಡ್ತಾ ಇರಿ ಅಣ್ಣಂದಿರಾ. ಕಾರ್ಕಿಗೆ, ಬಂಗ್‌ಗೆ...

"ಧ್ವನಿ ಆರಿಸು!" ಎಂದು ಬೇತಿಯಾ ಕಿರಿಚಿದಳು. "ಆರಿಸೋ ಅಂದೆ! ಕೇಳೋಕಾಗಲ್ಲ ನನಗೆ."

"ಎಲ್ಲಿಗೆ ಮುಗಿಯುತ್ತೆ ಅಂತ ಗೊತ್ತಾಗಬೇಕಲ್ಲ?"

"ಅವನ ಬಾಯಿ ಮುಚ್ಚಿ ಅಕಾರ್ಡಿಯನ್ ಬರುತ್ತಲ್ಲ, ಅಲ್ಲಿಗೆ. ಕಣ್ಣಿಲ್ವಾ ನಿನಗೆ?"

ರ‍್ಯಾಬ್ ಧ್ವನಿ ಆರಿಸಿದ. ಆಮೇಲಿನ ಕೆಲಸವೆಲ್ಲ ಮೂಕಚಿತ್ರದಂತೆ ನಡೆಯಿತು. ಡ್ರೆನ್ನನ್ ಸದ್ದಿಲ್ಲದೆ ಬಾಯಿ ಆಡಿಸಿದ, ಸಭೆ ಸದ್ದಿಲ್ಲದೆ ನಕ್ಕಿತು. ರ‍್ಯಾಬ್ ಟೇಪಿನ ಮೇಲೆ ಕಬ್ಬಿಣದ ಪುಡಿ ಕಲಸಿದ ದ್ರವ ಹಚ್ಚಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಒಂದು ಚಿತ್ರ ಮುಗಿದು ಇನ್ನೊಂದು ಶುರುವಾಗುವ ಗೆರೆ ಹುಡುಕಿ ಎರಡು ಕಡೆ ಬ್ಲೇಡು ಹಾಕಿದ. ಕತ್ತರಿಸಿ ತೆಗೆದ ಜಾಗಕ್ಕೆ ಅಭ್ಯಾಸದ ದಿನದ ಟೇಪಿನಿಂದ ಅಷ್ಟೇ ಉದ್ದದ ಅಕಾರ್ಡಿಯನ್ ಕೂರಿಸಿ ಅಂಟಿಸಿದ. ಹನ್ನೆರಡರ ಗಂಟೆ ಒಂದು ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಮೇಜಿನ ಕೆಳಗೆ ಹದಿನೈದು ಅಡಿ ಟೇಪು ಸುರುಳಿ ಬಿಚ್ಚಿಕೊಂಡು ಬಿದ್ದಿತ್ತು.

"ಇದನ್ನ ಇಟ್ಕೋತೀಯಾ?" ಎಂದು ರ‍್ಯಾಬ್ ಕೇಳಿದ.

ಬೇತಿಯಾ ಅದನ್ನು ಬಾಚಿ ಮುದ್ದೆ ಮಾಡಿ, ನೆಲಮಾಳಿಗೆಗೆ ಇಳಿದು, ಬಾಯ್ಲರಿನ ಬಾಗಿಲು ತೆಗೆದು ಒಳಕ್ಕೆಸೆದಳು. ಅದು ಉರಿದು ನಾರುವವರೆಗೂ ನಿಂತು ನೋಡಿದಳು. ದೋಣಿ ಮುಳುಗಿದ ಮೇಲೆ ಮೊದಲ ಸಲ ಅಂದು ಹೊಟ್ಟೆ ತುಂಬ ಉಂಡಳು.

ವರ್ಷದ ಕೊನೆಯ ರಾತ್ರಿ ಕಾರ್ಯಕ್ರಮ ಬಂತು, ಹೋಯಿತು. ಬೇತಿಯಾ ನೋಡಲಿಲ್ಲ. ಜನವರಿ ನಾಲ್ಕರ ಬುಧವಾರ ರಜೆಗಳು ಮುಗಿದು ಬಸ್ಸು ಶುರುವಾದ ಕೂಡಲೇ ಊರಿಗೆ ಹೊರಟಳು. ಕೆಲಸ ಹೋಗುತ್ತದೆ ಎಂಬುದು ಖಚಿತವಿತ್ತು. ಹೋಗಲಿ. ತಮ್ಮನಿಗಾಗಿ, ಊರಿಗಾಗಿ ಒಂದು ಕೆಲಸವನ್ನಾದರೂ ಮಾಡಿದೆನಲ್ಲ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ. ಅಮ್ಮನಿಗೆ ಹೇಳಬೇಕು ಎಂದುಕೊಂಡಳು. ಒಂಬತ್ತು ವರ್ಷದಲ್ಲಿ ಮೊದಲ ಸಲ ತನ್ನ ಕೆಲಸದ ಬಗ್ಗೆ ಆ ಮನೆಯಲ್ಲಿ ಬಾಯಿಬಿಡಬೇಕು ಎನ್ನಿಸಿತ್ತು.

ಅಡುಗೆಮನೆಯಲ್ಲಿ ಅಮ್ಮನ ಜೊತೆ ಇನ್ನೊಬ್ಬ ಹೆಂಗಸು ಕೂತಿದ್ದಳು. ಸುಮಾರು ಮೂವತ್ತೈದರ ಪ್ರಾಯ, ಒರಟು ಕೈ, ಕಪ್ಪು ಬಟ್ಟೆ. ಅವಳು ಎಫಿ ಗೌರ್ಲೆ. ಅವಳ ಗಂಡ ಪೀಟರ್ 'ಜೀನಿ ಫ್ಲೆಟ್' ದೋಣಿಯ ಆರನೆಯವನು, ಯಂತ್ರ ನೋಡಿಕೊಳ್ಳುತ್ತಿದ್ದವನು. ಫೈಫ್ ಕಡೆಯಿಂದ ಬಂದು ಆರು ವರ್ಷವಾಗಿತ್ತು. ಅಮ್ಮ ಚಹಾ ಬಗ್ಗಿಸಿದಳು. ತಟ್ಟೆಯಲ್ಲಿ ಹಬ್ಬದ ಕರಿ ಬನ್ ಇರಲಿಲ್ಲ, ಬರೀ ಓಟ್ಸ್ ರೊಟ್ಟಿ.

"ನಿನ್ನ ಪೆಟ್ಟಿಗೆ ನೋಡಿದೆ" ಎಂದಳು ಅಮ್ಮ.

ಬೇತಿಯಾ ಬಟ್ಟಲು ಕೆಳಗಿಟ್ಟಳು. "ನೀನಾ?"

"ಹೂಂ, ನಾನೇ. ಎದುರುಮನೆಗೆ ಹೋದೆ. ಸಭೆಯ ಹಿರಿಯರು ಮಾರನೆ ಬೆಳಿಗ್ಗೆ ಬಂದು ಬೈದು ಹೋದ್ರು. ಬೈಯ್ಲಿ. ಆರು ಮನೆ ಹೆಂಗಸ್ರೂ ಹೋಗಿದ್ವಿ. ನಿನ್ನ ತಮ್ಮ ಹೇಳಿದ್ದ, ಅಮ್ಮಾ ಹಾಗ್ಮನೇ ದಿನ ಟಿವಿಲಿ ನಮ್ಮ ಹೆಸರು ಓದ್ತಾರೆ, ಅಕ್ಕನ ಕೈಲಿ ಕೊಟ್ಟಿದೀನಿ ಅಂತ. ಆಗ ಅವನಿಗೆ ಚೆನ್ನಾಗಿ ಬೈದಿದ್ದೆ." ಅಮ್ಮ ಚಹಾದ ಬಟ್ಟಲನ್ನು ಆಚೆ ಸರಿಸಿದಳು. "ಹತ್ತು ಗಂಟೆಯಿಂದ ಕೂತಿದ್ವಿ. ಆ ಮನುಷ್ಯ ಯಾರ್ಯಾರದೋ ಹೆಸರು ಓದಿದ. ಹಾಲಿನವನದಂತೆ, ಯಾವನೋ ಬಸ್ಸಿನವನದಂತೆ. ಇನ್ನೊಂದು ಕಾಗದ ತಗೊಳ್ತಾನೆ, ಇನ್ನೊಂದು ತಗೊಳ್ತಾನೆ ಅಂತ ಕಾದ್ವಿ. ಹಾಳಾದ ಅಕಾರ್ಡಿಯನ್ ಬಾರಿಸಿದ್ರು. ಪೆಟ್ಟಿಗೆ ಬೆಳಕು ಚುಕ್ಕಿಯಾಗಿ ಆರಿಹೋಗೋವರೆಗೂ ಯಾರೂ ಏಳಲಿಲ್ಲ. ಯಾಕೆ ಓದಲಿಲ್ಲ ಅವನು?"

ಬೇತಿಯಾ ಸುಳ್ಳು ಹೇಳಬಹುದಿತ್ತು. ಅವಳ ಬಾಯಿಗೆ ಸುಳ್ಳು ಬರುವುದಿಲ್ಲ, ಅದೊಂದು ರೋಗ ಅವಳಿಗೆ.

"ಓದಿದ್ದ ಅಮ್ಮ. ನಾನು ಕತ್ತರಿಸಿ ತೆಗೆಸಿದೆ."

"ಏನಂದೆ?"

"ನವೆಂಬರಿನಲ್ಲೇ ಮಾಡಿಟ್ಟ ಕಾರ್ಯಕ್ರಮ ಅದು. ದೋಣಿ ಮುಳುಗೋಕೆ ಮುಂಚೆ. ಅವನು ನಗ್ತಾ ಓದಿದ್ದ, ಜನ ಕುಡಿದವರ ಥರ ಕೂಗ್ತಿದ್ರು. ನಿಮಗೆಲ್ಲ ಅದು ಕಿವಿಗೆ ಬೀಳಬಾರದು ಅಂತ... ಮುಖ್ಯಸ್ಥರು ಬೇಡ ಅಂದ್ರೂ ಕೇಳದೆ ಮಾಡಿದೆ. ಕೆಲಸ ಹೋಗುತ್ತೆ ಅಂತ ಗೊತ್ತಿದ್ದೂ ಮಾಡಿದೆ."

ಅಮ್ಮ ಎದ್ದಳು. ಅರವತ್ತೆಂಟು ವರ್ಷದ ಹೆಂಗಸು, ಮೇಜನ್ನು ಬಡಿದ ರಭಸಕ್ಕೆ ಬಟ್ಟಲುಗಳು ಹಾರಿದವು.

"ನಿನ್ನನ್ನ ಯಾರು ಕೇಳಿದ್ರು?"

"ಅಮ್ಮಾ—"

"ಯಾರು ಕೇಳಿದ್ರೇ ನಿನ್ನನ್ನ? ಪತ್ರಿಕೇಲಿ ಏನು ಬರೆದ್ರು ಗೊತ್ತಾ? ವಿಲಿಯಂ ಫ್ಲೆಟ್, ವಿಲಿಯಂ ಫ್ಲೆಟ್, ವಿಲಿಯಂ ಫ್ಲೆಟ್, ಅಲೆಕ್ಸಾಂಡರ್ ಫ್ಲೆಟ್, ಅಲೆಕ್ಸಾಂಡರ್ ಫ್ಲೆಟ್. ಪಾದ್ರಿನೂ ಅದನ್ನೇ ಓದಿದ, ಅಡ್ಡಹೆಸರು ದೇವರ ಮನೇಲಿ ಸಲ್ಲದು ಅಂತ. ಯಾರು ಅವರು? ನನಗೆ ಗೊತ್ತಿಲ್ಲ ಅವರು! ನನ್ನ ಮಗ ಡೋಸಿ. ಹೆಣ ಇಲ್ಲ, ಕಲ್ಲು ಇಲ್ಲ. ಡೋಸಿ ಅಂತ ಒಬ್ಬ ಇದ್ದ ಅಂತ ಒಂದು ಸಲ ಯಾರಾದ್ರೂ ಗಟ್ಟಿಯಾಗಿ ಹೇಳ್ತಾರೆ ಅಂತ ಹೋಗಿ ಕೂತಿದ್ದೆ ಆ ಪೆಟ್ಟಿಗೆ ಮುಂದೆ. ಅವನು ನಗ್ತಾ ಹೇಳ್ಲಿ, ಕುಡಿದು ಹೇಳ್ಲಿ, ನಿನಗೇನೇ ಕಷ್ಟ?"

ಗಿಲ್‌ಕ್ರಿಸ್ಟ್ ಬೇಕೆಂದಿದ್ದೂ ಇದನ್ನೇ ಅಲ್ಲವೇ ಎಂದು ಬೇತಿಯಾಗೆ ನೆನಪಾಯಿತು. ಅಂಥ ಕೆಟ್ಟ ಕಾರಣಕ್ಕೆ ಆ ಮನುಷ್ಯ ಸರಿಯಾದದ್ದನ್ನು ಹೇಳಿದ್ದ. ತನ್ನ ಕೋಪವೆಲ್ಲ ಈಗ ತನ್ನ ಕಡೆಗೇ ತಿರುಗಿ ನಿಂತಿತ್ತು. ಪ್ರಾರ್ಥನೆಯ ಆ ಮೂರು ದಿನಗಳಲ್ಲಿ ಒಂದು ಮಾತು, ಅಮ್ಮಾ, ಏನು ಮಾಡಲಿ ಎಂದು ಒಂದೇ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಎಫಿ ಗೌರ್ಲೆ ಮೆಲ್ಲಗೆ ಕೇಳಿದಳು. "ಪೀಟರ್‌ದೂ ಓದಿದ್ರಾ?"

"ಆರೂ ಮಂದಿದೂ ಓದಿದ್ರು."

"ಏನಂತ ಓದಿದ್ರು?"

ಬೇತಿಯಾಗೆ ಅರ್ಥವಾಗಲಿಲ್ಲ. ಅಮ್ಮ ಒಲೆಯ ಕಡೆ ತಿರುಗಿಕೊಂಡೇ ಹೇಳಿದಳು. "ಮುಳುಗೋಕೆ ಎರಡು ತಿಂಗಳು ಮುಂಚೆ ಅವನಿಗೂ ಅಡ್ಡಹೆಸರು ಇಟ್ಟಿದ್ರಂತೆ ದೋಣಿಯವರು."

"ಆರು ವರ್ಷ ಅವನನ್ನ ಫೈಫ್‌ನವನು, ಫೈಫ್‌ನವನು ಅಂತಲೇ ಕರೆದ್ರು" ಎಂದಳು ಎಫಿ. "ಅಕ್ಟೋಬರಲ್ಲಿ ಒಂದಿನ ಮನೆಗೆ ಬಂದವನೇ ನನ್ನನ್ನ ಎತ್ತಿ ತಿರುಗಿಸಿದ. ಕೊಟ್ರು ಕಣೇ, ನನಗೂ ಒಂದು ಹೆಸರು ಕೊಟ್ರು ಅಂದ. ಏನು ಅಂದ್ರೆ ಹೇಳಲಿಲ್ಲ. ಹಾಗ್ಮನೇ ದಿನ ಟಿವಿಲಿ ಕೇಳು, ಆಗ ನಿನ್ನ ಮುಖ ನೋಡ್ಬೇಕು ನಾನು ಅಂದ. ಎಷ್ಟು ಗೋಗರೆದ್ರೂ ಹೇಳಲಿಲ್ಲ. ದೋಣಿಯವರಿಂದೆಲ್ಲ ಆಣೆ ಹಾಕಿಸಿಕೊಂಡಿದ್ದ. ಯಾರ ಹೆಂಡತಿಗೂ ಗೊತ್ತಿಲ್ಲ. ನೀವು ಹೇಳಿ."

ಬೇತಿಯಾ ಕಣ್ಣು ಮುಚ್ಚಿದಳು. ಕಾರ್ಕಿ, ಬಂಗ್, ಸ್ನೀಕಿ, ಪೊಕ್, ಡೋಸಿ. ಆಮೇಲೆ ತನ್ನದೇ ಕೇಕೆ. ಆಮೇಲೆ ಸಭೆಯ ನಗು. ಎಷ್ಟು ತಡಕಿದರೂ ಆ ಎರಡರ ನಡುವೆ ಏನೂ ಇರಲಿಲ್ಲ.

"ಒಂದು ನಿಮಿಷ ಇರಿ" ಎಂದು ಕೋಟನ್ನೂ ಹಾಕಿಕೊಳ್ಳದೆ ಹೊರಗೋಡಿದಳು. ಬಂದರಿನ ಮೂಲೆಯ ಫೋನಿನ ಗೂಡಿಗೆ ಹೋಗಿ ಗ್ಲಾಸ್ಗೋದ ಯಂತ್ರದ ಕೋಣೆಗೆ ಕರೆ ಹಾಕಿದಳು. ರ‍್ಯಾಬ್ ಸಿಕ್ಕಿದ.

"ನಿನ್ನ ಮೇಜು ಖಾಲಿ ಮಾಡಿಸಿದ್ರು, ಬೇತಿಯಾ. ಗಿಲ್‌ಕ್ರಿಸ್ಟ್ ಸಿಟ್ಟಿಗೆ ಕುಣಿದಾಡಿಬಿಟ್ಟ. ನನ್ನದು ಹೇಗೋ—"

"ಅದು ಹಾಳಾಗಲಿ! ರ‍್ಯಾಬ್, ಆ ತುಂಡಿನಲ್ಲಿ ಕೊನೇ ಹೆಸರು ಏನಿತ್ತು?"

"ಯಾವ ಕೊನೇ ಹೆಸರು?"

"ಡೋಸಿ ಆದ್ಮೇಲೆ. ಕತ್ತರಿಸೋವಾಗ ನೋಡಿದ್ಯಲ್ಲ."

"ನೋಡಿದೆ. ಬಾಯಿ ಆಡ್ತಿತ್ತು. ಧ್ವನಿ ಆರಿಸು ಅಂತ ನೀನೇ ಕಿರಿಚಿದ್ಯಲ್ಲ."

"ಡ್ರೆನ್ನನ್‌ನ ಕೇಳು. ಓಡಿಹೋಗಿ ಕೇಳು, ನಾನು ಹಿಡ್ಕೊಂಡಿರ್ತೀನಿ."

ರ‍್ಯಾಬ್ ಹೋಗಿ ಬಂದ. ಡ್ರೆನ್ನನ್ ಆ ದಿನ ನಲವತ್ತು ಕಾಗದ ಓದಿದ್ದನಂತೆ. ಏನೋ ತಮಾಷೆಯಾಗಿತ್ತು ಎಂಬುದಷ್ಟೇ ಅವನಿಗೆ ನೆನಪಂತೆ. ಓದಿದ ಕಾಗದಗಳು ಡಿಸೆಂಬರ್ ಮೊದಲ ವಾರವೇ ರದ್ದಿಗೆ ಹೋಗಿದ್ದವು. ಬೇತಿಯಾ ಫೋನು ಇಟ್ಟಳು.

ಅಡುಗೆಮನೆಗೆ ಹಿಂದಿರುಗಿದಾಗ ಎಫಿ ಎದ್ದು ನಿಂತಿದ್ದಳು. ಬೇತಿಯಾಳ ಮುಖ ನೋಡಿಯೇ ಅವಳಿಗೆ ತಿಳಿಯಿತು.

"ನೆನಪಿಲ್ಲ" ಎಂದಳು ಬೇತಿಯಾ. "ಕ್ಷಮಿಸಿ. ನನಗೆ ಕೇಳಿಸಲೇ ಇಲ್ಲ. ಜನ ತುಂಬಾ ನಕ್ಕರು."

"ನಕ್ಕರಾ?"

"ಎಲ್ಲರೂ. ಬೇರೆ ಯಾವ ಹೆಸರಿಗೂ ಅಷ್ಟು ನಗಲಿಲ್ಲ."

ಎಫಿ ತಲೆವಸ್ತ್ರ ಎತ್ತಿಕೊಂಡು ಗದ್ದದ ಕೆಳಗೆ ಗಂಟು ಹಾಕಿದಳು.

"ಎಷ್ಟು ಜನ ಇದ್ರು ಅಲ್ಲಿ?"

"ಇನ್ನೂರು."

"ಇನ್ನೂರು ಜನ" ಎಂದಳು ಎಫಿ. "ಯಾರೋ ಏನೋ, ದಾರಿಲಿ ಹೋಗೋ ಇನ್ನೂರು ಜನಕ್ಕೆ ನನ್ನ ಗಂಡನ ಹೆಸರು ಗೊತ್ತು."

ಅಮ್ಮ ಬಾಗಿಲವರೆಗೂ ಹೋಗಿ ಅವಳ ಬೆನ್ನ ಮೇಲೆ ಕೈಯಿಟ್ಟು ಕಳಿಸಿಬಂದಳು. ಬಂದವಳು ಮಗಳನ್ನು ತಿರುಗಿಯೂ ನೋಡದೆ ಚಿಂದಿ ತೆಗೆದುಕೊಂಡು ಒಲೆ ಒರೆಸತೊಡಗಿದಳು.